ಎರಡನೆಯ ಕಾಲು

ಕ್ರೋಶಾ ಹಾಕುವವರಿಗೆಲ್ಲ ಒಂದು ಕಾಯಿಲೆ ಇರುತ್ತದೆ. ಮಗುವಿನ ಕಾಲುಚೀಲ ಹೆಣೆಯಲು ಕೂತರೆ ಮೊದಲನೆಯ ಕಾಲು ಆಡಾಡುತ್ತಲೇ ಮುಗಿದುಹೋಗುತ್ತದೆ. ಎರಡನೆಯದಕ್ಕೆ ಕೈ ಹಾಕಿದರೆ ಬರೀ ಆಕಳಿಕೆ. ಬಣ್ಣ ಅದೇ, ಸುತ್ತು ಅದೇ, ಹೊಸದಾಗಿ ಕಣ್ಣಿಗೆ ಬೀಳುವುದು ಏನೂ ಇರುವುದಿಲ್ಲ. ನಮ್ಮ ಮನೆಯ ಕಪಾಟುಗಳಲ್ಲಿರುವ ಒಂಟಿ ಕಾಲುಚೀಲಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ಬಾವಿಯಿಂದ ನೀರು ಸೇದಬಹುದು ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರು ಶುರು ಮಾಡಿ ಅರ್ಧಕ್ಕೆ ಬಿಟ್ಟ ಕೆಲಸಗಳನ್ನು ಇಡಲು ನಮಗೆ ಇನ್ನೊಂದು ಮನೆಯೇ ಬೇಕು.

ನಮ್ಮ ಮಗಳು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿನ ಸಭಾಂಗಣದಲ್ಲಿ ಒಂದು ಭಾನುವಾರ ಕರಕುಶಲ ವಸ್ತುಗಳ ಸಂತೆ ನಡೆಯುವುದಿತ್ತು. ಕೇಳದೆ ಮಾಡದೆ ಅಲ್ಲಿ ನಮಗೊಂದು ಮೇಜು ಕಾದಿರಿಸಿ ಬಂದು, "ಅಮ್ಮಾ, ನಿನಗೂ ದೊಡ್ಡಮ್ಮನಿಗೂ ಸೇರಿಸಿ ಹೇಳಿಬಿಟ್ಟಿದ್ದೀನಿ. ಇನ್ನು ನೀವುಂಟು ನಿಮ್ಮ ಉಣ್ಣೆ ಉಂಟು" ಎಂದಳು.

ಅವಳ ದೊಡ್ಡಮ್ಮ ಎಂದರೆ ನನ್ನ ವಾರಗಿತ್ತಿ, ಭಾವನ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ. ಭಾವ ತೀರಿಕೊಂಡ ಮೇಲೆ ಮಹಡಿಯಲ್ಲಿ ಅವಳೊಬ್ಬಳೇ, ಕೆಳಗೆ ನಾವು. ಮದುವೆಯಾಗಿ ಬಂದ ಹೊಸದರಲ್ಲಿ ಅವಳನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಜಗಳ ಶುರುವಾದ ಮೇಲೆ ಬಹುವಚನ ಅಡ್ಡ ಬರತೊಡಗಿತು, ಬಿಟ್ಟೆ. ಜಗಳ ಅಂದರೆ ಅಡುಗೆಮನೆಯದ್ದಲ್ಲ, ಆಸ್ತಿಯದ್ದೂ ಅಲ್ಲ. ಎಲ್ಲ ಹೆಣಿಗೆಯದ್ದೇ. ಕ್ರೋಶಾ ಕಡ್ಡಿ ಹಿಡಿಯುವುದನ್ನು ನನಗೆ ಕಲಿಸಿದವಳು ಅವಳೇ, ಕಲಿಸಿದ್ದು ಸಾಕು ಎಂದು ಅವಳಿಗೆ ಇವತ್ತಿನವರೆಗೂ ಅನ್ನಿಸಿಲ್ಲ. ಅವಳ ಕೈ ಬಹಳ ಬಿಗಿ. ಅಕ್ಕ ಹೆಣೆದ ಟೋಪಿಯಲ್ಲಿ ಹಾಲು ಕಾಯಿಸಬಹುದು ಎಂದು ನೆಂಟರು ಹೇಳುತ್ತಿದ್ದರು. ನನ್ನ ಕೈಯನ್ನೂ ಹಾಗೇ ಮಾಡಲು ಅವಳು ಪಟ್ಟ ಪಾಡು, ನನಗೆ ಕೊಟ್ಟ ಪಾಡು, ಎರಡೂ ಅಷ್ಟಿಷ್ಟಲ್ಲ.

ಒಳಗಿನ ಮಾತೊಂದು ಹೇಳಬೇಕು. ಹೆಣಿಗೆಯನ್ನು ತೆಗೆದುಬಿಟ್ಟರೆ ನನಗೂ ಅವಳಿಗೂ ಮಾತಾಡಲು ಏನೂ ಇಲ್ಲ. ಸುಖದುಃಖ ಹೇಳಿಕೊಳ್ಳುವ ಜಾತಿ ಅವಳಲ್ಲ, ಕೇಳುವ ತಾಳ್ಮೆ ನನಗಿಲ್ಲ. "ಆ ಸುತ್ತಲ್ಲಿ ಹೆಣಿಗೆಯ ಕಣ್ಣೊಂದು ತಪ್ಪಿದೆ ನೋಡು" ಎಂದು ಅವಳು, "ನಿನ್ನ ಕಣ್ಣೇ ತಪ್ಪಿರಬೇಕು" ಎಂದು ನಾನು, ಹೀಗೇ ಇಷ್ಟು ವರ್ಷ ಒಬ್ಬರಿಗೊಬ್ಬರು ಆಗಿದ್ದೇವೆ. ಈಚೆಗೆ ಅವಳು ಕೆಳಗೆ ಬರುವುದು ಕಡಿಮೆಯಾಗಿತ್ತು. ನಾನು ಮೇಲೆ ಹೋದರೂ ಕೈಯಲ್ಲಿ ಕೆಲಸ ಇರುತ್ತಿರಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಿದ್ದಳು. ನನಗೆ ಹೆದರಿಕೆಯಾಗಿತ್ತು. ಹಾಗಾಗಿ ಸಂತೆಯಲ್ಲಿ ಮಾಲು ಹೋಗುತ್ತದೋ ಬಿಡುತ್ತದೋ, ನನಗೆ ಬೇಕಾಗಿದ್ದುದು ಬೇರೆ. ಅವಳು ಕಡ್ಡಿ ಕೆಳಗಿಡಬಾರದು. ಆ ಮೇಜಿನ ಹಿಂದೆ ನನ್ನ ಪಕ್ಕ ಕೂತು, ದಿನವಿಡೀ ನನ್ನ ಕೆಲಸದಲ್ಲಿ ತಪ್ಪು ಹುಡುಕಬೇಕು.

ಕಾಲುಚೀಲ ಮಾಡೋಣ ಎಂದಾಗ ಅವಳು, "ಎರಡನೇ ಕಾಲು ಯಾರು ಹಾಕ್ತಾರೆ, ನನ್ನಿಂದಾಗಲ್ಲಮ್ಮ" ಎಂದಳು. ಆಗ ನನ್ನ ತಲೆ ಓಡಿತು.

"ಯಾರೂ ಎರಡನೇದು ಹಾಕೋದು ಬೇಡ. ಪ್ರತಿ ಬಣ್ಣದಲ್ಲೂ ನೀನೊಂದು ಹಾಕು, ನಾನೊಂದು ಹಾಕ್ತೀನಿ. ಇಬ್ಬರಿಗೂ ಬರೀ ಮೊದಲನೇ ಕಾಲೇ!"

ಅವಳು, "ಪರವಾಗಿಲ್ಲ, ನಿನಗೂ ಬುದ್ಧಿ ಬಂತು" ಎಂದಳು. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಬಂದ ಹೊಗಳಿಕೆ ಅದೊಂದೇ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಳತೆಗೆಂದು ನಮ್ಮ ಮಗಳು ಹುಟ್ಟಿದಾಗ ಅಕ್ಕ ಹೆಣೆದಿದ್ದ ಕಾಲುಚೀಲವನ್ನು ಕಪಾಟಿನಿಂದ ತೆಗೆದು ಎದುರಿಗಿಟ್ಟುಕೊಂಡೆ. ಅವಳಿಗೆ ಅಳತೆ ಬೇಕಿರಲಿಲ್ಲ, ಅದು ಅವಳ ಕೈಯಲ್ಲೇ ಇತ್ತು. ಅವಳು ಮೇಲೆ, ನಾನು ಕೆಳಗೆ, ಮಧ್ಯೆ ಉಣ್ಣೆಯ ಉಂಡೆಗಳು ಮೆಟ್ಟಿಲು ಹತ್ತಿ ಇಳಿದವು. ಮಾಡಿದ್ದನ್ನು ತೋರಿಸು ಎಂದರೆ, "ಎಲ್ಲ ಒಟ್ಟಿಗೆ ನೋಡಿದರಾಯಿತು" ಎನ್ನುತ್ತಿದ್ದಳು.

ಸಂತೆಯ ಹಿಂದಿನ ದಿನ ಮಧ್ಯಾಹ್ನ ಊಟದ ಮೇಜು ಒರೆಸಿ ಇಬ್ಬರೂ ಬುಟ್ಟಿ ತಂದಿಟ್ಟುಕೊಂಡೆವು. ಜೋಡಿ ಮಾಡಿ ರಿಬ್ಬನ್ ಕಟ್ಟುವುದಷ್ಟೇ ಬಾಕಿ. ನಾನು ನನ್ನ ಹಸಿರು ಕಾಲುಚೀಲವನ್ನು ಇಟ್ಟೆ, ಅವಳು ಅವಳ ಹಸಿರಿನದನ್ನು ಪಕ್ಕದಲ್ಲಿಟ್ಟಳು. ತಾಯಿ ಮಗಳು ನಿಂತ ಹಾಗೆ ಕಂಡಿತು. ಅವಳದ್ದು ನನ್ನದಕ್ಕಿಂತ ಹೆಬ್ಬೆರಳಿನಷ್ಟು ಉದ್ದ, ಅಗಲವೂ ಜಾಸ್ತಿ. ಹಳದಿ ತೆಗೆದೆವು, ಹಾಗೇ. ನೀಲಿ, ಹಾಗೇ. ಬುಟ್ಟಿ ಖಾಲಿಯಾಗುವವರೆಗೂ ಒಂದು ಜೋಡಿಯೂ ಜೋಡಿಯಾಗಲಿಲ್ಲ.

ನಮ್ಮ ಯಜಮಾನರು ಬಂದು ಇಣುಕಿ, "ಒಂದು ಕಾಲು ಈ ವರ್ಷ, ಇನ್ನೊಂದು ಮುಂದಿನ ವರ್ಷ ಹಾಕ್ಕೊಳ್ಳಿ ಅಂತ ಬರೆದು ಅಂಟಿಸಿ" ಎಂದರು. ಇಬ್ಬರೂ ಒಟ್ಟಿಗೆ ಗದರಿದೆವು. ಅವರು ಪೇಪರ್ ಹಿಡಿದು ಹಜಾರಕ್ಕೆ ಹೋದರು.

"ಎಲ್ಲ ಕುಗ್ಗಿಸಿಬಿಟ್ಟಿದ್ದೀಯಲ್ಲೇ" ಎಂದಳು ಅಕ್ಕ.

ನನಗೆ ಪಿತ್ತ ನೆತ್ತಿಗೇರಿತು. ಅಳತೆಯ ಕಾಲುಚೀಲ ತಂದು ಮೇಜಿನ ಮೇಲೆ ಕುಕ್ಕಿ, ನನ್ನದನ್ನು ಅದರ ಮೇಲಿಟ್ಟೆ. ಅಂಚಿಗೆ ಅಂಚು ಕೂಡಿತು. "ನೋಡು! ನಿಂದೇ ಕೆಲಸ ಇದು, ನಿಂದೇ ಅಳತೆ. ನಾನು ಒಂದು ಎಳೆ ಆಚೀಚೆ ಮಾಡಿಲ್ಲ. ತಪ್ಪು ನಿಂದು. ಇವತ್ತಾದರೂ ಒಪ್ಕೋ!"

ಅವಳು ತನ್ನ ಹಳೆಯ ಕೆಲಸವನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು, ಬೆಳಕು ಹಾಯಲಿಲ್ಲ. ತನ್ನ ಹೊಸದನ್ನು ಹಿಡಿದಳು. ಕಣ್ಣುಕಣ್ಣಿನ ನಡುವೆ ಕಿಟಕಿ ಕಾಣಿಸಿತು. ಎರಡನ್ನೂ ಮೆಲ್ಲಗೆ ಕೆಳಗಿಟ್ಟು ಎಡಗೈಯನ್ನು ಶಾಲಿನೊಳಗೆ ಸೇರಿಸಿಕೊಂಡಳು. ಅಷ್ಟರಲ್ಲಿ ನಾನು ನೋಡಿಬಿಟ್ಟಿದ್ದೆ. ಬೆರಳಿನ ಗೆಣ್ಣುಗಳು ಕೆಂಪಗೆ ಊದಿಕೊಂಡಿದ್ದವು. ಕಿರುಬೆರಳು ಪೂರ್ತಿ ಮಡಚುತ್ತಲೇ ಇರಲಿಲ್ಲ. ಗೆದ್ದೆನೆಂಬ ಖುಷಿ ಅಲ್ಲೇ ಸತ್ತುಹೋಯಿತು.

"ಬಿಗಿ ಬರಲಿ ಅಂತ ದಾರ ಕಿರುಬೆರಳಿಗೆ ಸುತ್ತಿದರೆ ಜೀವ ಹೋದ ಹಾಗಾಗುತ್ತೆ ಕಣೇ" ಎಂದಳು. "ಸುತ್ತದೆ ಹಾಕಿದೆ. ಸರಿಯಾಗೇ ಬರ್ತಿದೆ ಅಂದ್ಕೊಂಡೆ. ಕೈಗೆ ಗೊತ್ತಾಗಲೇ ಇಲ್ಲ ನೋಡು."

"ಯಾವಾಗಿಂದ?"

"ಇರುತ್ತೆ ಬಿಡು. ನಾಳೆ ನೀನು ಹೋಗು. ನೀನು ಮೊದಲೇ ಹೆಣೆದಿಟ್ಟ ಕೈಚೀಲಗಳಿವೆ, ಮೇಜಿನ ಹಾಸುಗಳಿವೆ, ಸಾಕು. ನನ್ನವನ್ನ ಬಿಚ್ಚಿಬಿಡು, ಉಣ್ಣೆಯಾದರೂ ಉಳಿಯುತ್ತೆ. ನಂದು ಮುಗೀತು."

ಹೇಳಿ ಎದ್ದು ಮಹಡಿಗೆ ಹೋದಳು. ಅವಳ ಕೋಣೆಯ ಬಾಗಿಲು ಹಾಕಿಕೊಂಡದ್ದು ಕೇಳಿಸಿತು.

ನಾನು ಆ ರಾಶಿಯ ಮುಂದೆ ಕೂತೆ. ಅವಳವನ್ನೆಲ್ಲ ಒಂದು ಕಡೆ, ನನ್ನವನ್ನೆಲ್ಲ ಒಂದು ಕಡೆ ಮಾಡಿ ನೋಡಿದೆ. ಅಳತೆ ಕೂಡಿತು, ಆದರೆ ಹಸಿರಿಗೆ ಹಳದಿ, ನೀಲಿಗೆ ಕೆಂಪು. ಮುಂದಿನದು ಬುದ್ಧಿವಂತರು ಮಾಡುವ ಕೆಲಸ: ಅವಳವನ್ನು ಬಿಚ್ಚಿ, ಅದೇ ಉಣ್ಣೆಯಲ್ಲಿ ನನ್ನವಕ್ಕೆ ಜೊತೆ ಹೆಣೆಯುವುದು. ಅವಳ ಹಸಿರನ್ನು ಕೈಗೆತ್ತಿಕೊಂಡು ದಾರದ ತುದಿಯನ್ನೂ ಹುಡುಕಿದೆ. ಎಳೆಯಲು ಆಗಲಿಲ್ಲ. ಒಂದೊಂದು ಕಣ್ಣೂ ನೋವಿನಲ್ಲಿ ಹಾಕಿದ್ದು, ಅದನ್ನು ಯಾರಿಗೂ ಹೇಳದೆ ಹಾಕಿದ್ದು. ಅದನ್ನು ಬಿಚ್ಚಿದರೆ ಅವಳು ಹೇಳಿದ್ದು ನಿಜವಾಗುತ್ತಿತ್ತು, ಅವಳದ್ದು ಮುಗಿಯುತ್ತಿತ್ತು. ನಾಳೆಯಿಂದ ನಾನು ಮೆಟ್ಟಿಲು ಹತ್ತಿ ಹೋಗಿ ಅವಳ ಹತ್ತಿರ ಏನು ಮಾತಾಡಲಿ? ಹವಾಮಾನವೇ?

ನನ್ನ ಹಸಿರು ಕಾಲುಚೀಲವನ್ನು ತೆಗೆದುಕೊಂಡು ಅದರ ದಾರ ಎಳೆದೆ.

ಸರಸರ ಬಿಚ್ಚಿಕೊಂಡು ಬಂತು. ಅಳತೆಗೆ ಸರಿಯಾಗಿದ್ದದ್ದು, ಒಂದು ಕಣ್ಣೂ ತಪ್ಪಿಲ್ಲದ್ದು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಮತ್ತೆ ಮೊದಲಿಂದ ಶುರು ಮಾಡಿದೆ, ಈ ಸಲ ಅವಳದ್ದನ್ನು ಎದುರಿಗಿಟ್ಟುಕೊಂಡು. ಸಡಿಲ ಹಾಕುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ನಾಲ್ಕು ಕಣ್ಣು ಸಡಿಲ ಬಂದರೆ ಐದನೆಯದು ತಾನಾಗಿಯೇ ಬಿಗಿಯುತ್ತಿತ್ತು. ಕೈ ನನ್ನ ಮಾತು ಕೇಳಲಿಲ್ಲ. ಅವಳು ಕಲಿಸಿದ ಪಾಠ ಅಲ್ಲಿ ಗಟ್ಟಿಯಾಗಿ ಕೂತಿತ್ತು. ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ. ಬಾಯಲ್ಲಿ ಬರಬಾರದ ಮಾತೆಲ್ಲ ಬಂತು.

ಹೊರಗೆ ಬೆಳಕು ಇಳಿಯುತ್ತಿತ್ತು. ನಮ್ಮ ಯಜಮಾನರು ಸದ್ದಿಲ್ಲದೆ ದೀಪ ಹಾಕಿ, ಒಂದು ಲೋಟ ಕಾಫಿ ಇಟ್ಟು ಹೋದರು. ಅದು ಆರಿ ಕೆನೆಗಟ್ಟಿತು.

"ಏನು ಮಾಡ್ತಿದ್ದೀಯ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬಿಚ್ಚಿದ ಹಸಿರು ಉಣ್ಣೆ ಮೇಜಿನ ತುಂಬ ಸುರುಳಿ ಸುರುಳಿಯಾಗಿ ಬಿದ್ದಿತ್ತು. ಅವಳು ತನ್ನ ಕಾಲುಚೀಲ ನೋಡಿದಳು, ನನ್ನ ಕೈಲಿದ್ದದ್ದನ್ನು ನೋಡಿದಳು. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ತಲೆ ಕೆಟ್ಟಿದೆಯಾ ನಿನಗೆ? ಚೆನ್ನಾಗಿರೋದನ್ನ ಯಾರಾದರೂ ಬಿಚ್ತಾರಾ?"

"ನಿಂದಕ್ಕೆ ಜೊತೆ ಬೇಕಲ್ಲ."

"ನಂದು ಸಡಿಲ."

"ಗೊತ್ತು. ಸಡಿಲವಾಗೇ ಹಾಕ್ತಿದ್ದೀನಿ."

"ಹಾಕ್ತಿದ್ದೀಯ, ಕಾಣ್ತಿದೆ" ಎಂದು ಅವಳು ಕುರ್ಚಿ ಎಳೆದುಕೊಂಡಳು. "ಇಲ್ಲಿ ಬಿಗಿ, ಇಲ್ಲಿ ಸಡಿಲ, ಇಲ್ಲಿ ಮತ್ತೆ ಬಿಗಿ. ನಾಯಿ ಎಳೆದಾಡಿದ ಹಾಗಿದೆ. ಇದನ್ನ ಯಾವ ಮಗುವಿನ ಕಾಲಿಗೆ ಹಾಕ್ತೀಯ?"

"ಹಾಗಾದರೆ ಹೇಗೆ ಅಂತ ಹೇಳಿಕೊಡು! ಮುಗೀತು ಅಂತ ಮೇಲೆ ಹೋಗಿ ಕೂತರೆ ನಾನು ಯಾರನ್ನ ಕೇಳಲಿ? ನಿನ್ನ ಹತ್ತಿರ ಬೈಸ್ಕೊಳ್ಳದೆ ನನಗೆ ಏನೂ ಮಾಡೋಕೆ ಬರಲ್ಲ ಅಕ್ಕಾ, ಇಷ್ಟು ವರ್ಷ ಆದರೂ ಬರಲ್ಲ." ಅವಳ ಮುಂದೆ ನಾನು ಅತ್ತದ್ದು ಅದೇ ಮೊದಲು. ಭಾವ ತೀರಿಕೊಂಡ ದಿನವೂ ನಾನು ಅಡುಗೆಮನೆಗೆ ಹೋಗಿ ಅತ್ತಿದ್ದೆ.

ಅಕ್ಕ ಶಾಲಿನಿಂದ ಎಡಗೈ ಹೊರತೆಗೆದಳು. ಊದಿದ ಆ ಬೆರಳುಗಳಿಂದಲೇ ನನ್ನ ಕಿರುಬೆರಳಿಗೆ ಸುತ್ತಿದ್ದ ದಾರವನ್ನು ಬಿಡಿಸಿ ತೋರುಬೆರಳಿನ ಮೇಲೆ ಹಾಯಿಸಿದಳು. ಅವಳ ಕೈ ಬೆಚ್ಚಗಿತ್ತು.

"ಹೀಗೆ. ಎಳೀಬೇಡ, ಬರಲಿ ಬಿಡು. ಹೆಗಲು ಇಳಿಸು. ಉಸಿರು ಬಿಡು ಮಾರಾಯ್ತಿ, ಯಾರೂ ಕಿತ್ಕೊಂಡು ಹೋಗಲ್ಲ."

ಒಂದು ಸುತ್ತು ಹಾಕಿದೆ. ಅವಳದ್ದರ ಪಕ್ಕ ಹಿಡಿದು ನೋಡಿದಳು. "ಹೂಂ. ಇನ್ನೂ ಕಲೀಬೇಕು" ಎಂದಳು. ಎರಡನೆಯ ಸುತ್ತು ಹಾಕುವಾಗ ಪಕ್ಕದಲ್ಲೇ ಕೂತು ಒಂದೊಂದು ಕಣ್ಣಿಗೂ ಒಂದೊಂದು ಮಾತು ಅಂದಳು. ನಾನೂ ಸುಮ್ಮನಿರಲಿಲ್ಲ. ನಮ್ಮ ಯಜಮಾನರು ಹಜಾರದಲ್ಲಿ ಟಿವಿಯ ಸದ್ದು ಏರಿಸಿದರು.

ಹಸಿರು ಮುಗಿಯುವ ಹೊತ್ತಿಗೆ ಅವಳು ನನ್ನ ಹಳದಿಯನ್ನು ಎತ್ತಿಕೊಂಡು ತಾನೇ ಅದರ ತುದಿ ಹುಡುಕಿ ನನಗೆ ಕೊಟ್ಟಳು.

"ಎಲ್ಲ ಆಗಲ್ಲ. ಆದಷ್ಟು ಜೋಡಿ ಇಟ್ಟರಾಯಿತು" ಎಂದಳು. ನನ್ನ ಆರಿದ ಕಾಫಿಯನ್ನು ತನ್ನ ಕಡೆ ಎಳೆದುಕೊಂಡು ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು:

"ನಾಳೆ ಎಷ್ಟು ಹೊತ್ತಿಗೆ ಹೊರಡೋದು?"