ಗುರುಶಾಂತಪ್ಪನ ಮೆಮೊ

ಗುರುಶಾಂತಪ್ಪ ಉಗಾಂಡಾದ ಕಂಪಾಲಾದಲ್ಲಿ ಬ್ಯಾಂಕೊಂದರ ಮ್ಯಾನೇಜಿಂಗ್ ಡೈರೆಕ್ಟರ್ ಆಗಲಿದ್ದಾನೆ ಎಂದು ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗ್ರೂಪಿನಲ್ಲಿ ಓದಿದಾಗ ನನ್ನ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ? ಧಾರವಾಡದ ಶಾಖೆಯಲ್ಲಿ ನಾನು ಮ್ಯಾನೇಜರ್, ಅವನು ಕ್ಯಾಶಿಯರ್. ನನ್ನೆದುರು ಕುರ್ಚಿಯಲ್ಲಿ ಕೂರಲೂ ಹಿಂಜರಿಯುತ್ತಿದ್ದ. ಈಗ ಅವನ ಕೈಕೆಳಗೆ ಅರವತ್ತು ಶಾಖೆಗಳು! ನಾನೋ, ಇಲ್ಲಿ ಅಮೆರಿಕದಲ್ಲಿ ದಿನವೂ 680 ಫ್ರೀವೇಯಲ್ಲಿ ತೆವಳಿಕೊಂಡು ಸ್ಯಾನ್ ರಮೋನ್‌ನ ಆಫೀಸಿಗೆ ಹೋಗಿ, ಗೃಹಸಾಲದ ಕಾಗದಗಳಲ್ಲಿ ಸಹಿ ಇದೆಯೋ ಇಲ್ಲವೋ ಎಂದು ನೋಡುವವನು. ಕಾರ್ಡಿನ ಮೇಲೆ ‘ದ್ವಾರಕಾನಾಥ್, ವೈಸ್ ಪ್ರೆಸಿಡೆಂಟ್’ ಎಂದಿದೆ. ನಮ್ಮ ಮಹಡಿಯೊಂದರಲ್ಲೇ ಹನ್ನೊಂದು ಮಂದಿ ವೈಸ್ ಪ್ರೆಸಿಡೆಂಟುಗಳಿದ್ದೇವೆ.

ಆದರೆ ಅವನ ನೇಮಕ ಇನ್ನೂ ಪಕ್ಕಾ ಆಗಿರಲಿಲ್ಲ. ಬ್ಯಾಂಕಿನ ಮುಖ್ಯಸ್ಥನಾಗುವವನ ಪೂರ್ವಾಪರವನ್ನು ಅಲ್ಲಿಯ ಕೇಂದ್ರ ಬ್ಯಾಂಕು ಮೊದಲು ವಿಚಾರಿಸಬೇಕಿತ್ತು. ಹಳೆಯ ಮೇಲಧಿಕಾರಿಯೆಂದು ನನಗೂ ಒಂದು ಫಾರ್ಮು ಬಂತು. ಅದರ ಆರನೆಯ ಪ್ರಶ್ನೆ: ಇವರ ಮೇಲೆ ಎಂದಾದರೂ ಶಿಸ್ತುಕ್ರಮ ಜರುಗಿದೆಯೇ? ಕಾರಣವೇನು?

ಜರುಗಿತ್ತು. ಸ್ಟ್ರಾಂಗ್‌ರೂಮಿಗೆ ಎರಡು ಕೀಲಿಕೈ, ಒಂದು ಮ್ಯಾನೇಜರ್ ಬಳಿ, ಇನ್ನೊಂದು ಕ್ಯಾಶಿಯರ್ ಬಳಿ. ಎರಡೂ ಒಬ್ಬನ ಕೈಗೆ ಸೇರಕೂಡದು. ಒಂದು ಶುಕ್ರವಾರ ನನ್ನದನ್ನೂ ಅವನಿಗೇ ಕೊಟ್ಟು ನಾನು ಹೆಣ್ಣು ನೋಡಲು ಮೈಸೂರಿಗೆ ಹೊರಟುಬಿಟ್ಟೆ. ಮರುದಿನವೇ ಮುಖ್ಯ ಕಚೇರಿಯವರು ಇನ್‌ಸ್ಪೆಕ್ಷನ್ನಿಗೆ ಬಂದರು, ಎರಡೂ ಕೀಲಿಕೈ ಅವನ ಬಳಿಯೇ ಸಿಕ್ಕವು. ‘ಸಾಹೇಬರ ಡ್ರಾಯರಿನಿಂದ ನಾನೇ ಕೇಳದೆ ತೆಗೆದುಕೊಂಡೆ’ ಎಂದು ಗುರುಶಾಂತಪ್ಪ ಹೇಳಿದ. ನನಗೆ ರಮಾಳೊಡನೆ ಮದುವೆಯಾಯಿತು, ಅವನಿಗೆ ಮೆಮೊ ಸಿಕ್ಕಿತು. ಮೂರು ವರ್ಷ ಬಡ್ತಿ ನಿಂತಿತು. ಬೇಸತ್ತು ಆಫ್ರಿಕಾಕ್ಕೆ ಹೋದ. ನಾನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಹತ್ತು ದಿನ ಫಾರ್ಮು ಮುಟ್ಟಲಿಲ್ಲ. ಭಾನುವಾರ ಬೆಳಿಗ್ಗೆ ಅವನೇ ಫೋನ್ ಮಾಡಿದ.

“ಸರ್ರ, ಆರಾಮ ಅದೀರೇನ್ರಿ? ಫಾರ್ಮು ಬಂದಿರಬೇಕಲ್ರಿ?”

“ಬಂದಿದೆಯಪ್ಪ. ತುಂಬಾ ಕೆಲ್ಸ, ನೋಡಕ್ಕಾಗಿಲ್ಲ.”

“ಆ ಚಾವಿ ವಿಷಯ ನಂದ ತಪ್ಪು ಅಂತ ಬರದು ಸಹಿ ಮಾಡೀನ್ರಿ. ನೀವೂ ಹಂಗ ಬರದ್ಬಿಡ್ರಿ. ಇಷ್ಟು ಹಳೇ ಮೆಮೊ ಅಡ್ಡಿ ಆಗಂಗಿಲ್ಲ ಅಂದಾರ. ಆದ್ರ ಇಬ್ಬರ ಮಾತೂ ಒಂದ ಇರಬೇಕ್ರಿ. ನಾ ಸುಳ್ಳು ಬರದೀನಿ ಅಂತ ಗೊತ್ತಾದ್ರ ಅಲ್ಲಿಗೇ ಮುಗೀತು. ಮತ್ತ ಯಾವ ಬ್ಯಾಂಕಿನಾಗೂ ಕುರ್ಚಿ ಸಿಗಂಗಿಲ್ಲ.”

“ನೀನ್ಯಾಕೆ ಹಾಗೆ ಬರೆದೆ? ನಿಜಾನೇ ಬರೀಬಹುದಿತ್ತಲ್ಲ.”

“ನೀವೂ ಅಲ್ಲೆ ಬ್ಯಾಂಕಿನಾಗ ಅದೀರಿ. ನಿಮ್ಮ ಹೆಸರು ಈಗ ಯಾಕ ಕೆಡಸೂದ್ರಿ, ಸರ್ರ?”

ಅವನು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬ್ಯಾಂಕೂ ಅವನದೇ, ದೊಡ್ಡತನವೂ ಅವನದೇ ಆದರೆ ನನಗೆ ಉಳಿದದ್ದೇನು? ಮೈಯೆಲ್ಲ ಉರಿಯಿತು. ಲ್ಯಾಪ್‌ಟಾಪ್ ತೆರೆದು ನಡೆದದ್ದನ್ನು ನಡೆದ ಹಾಗೆಯೇ ಬರೆದೆ. ಕೀಲಿಕೈ ಕೊಟ್ಟವನು ನಾನು. ತಪ್ಪು ನನ್ನದು. ನನ್ನನ್ನು ಉಳಿಸಲು ಅವನು ಅಂದು ಸುಳ್ಳು ಹೇಳಿದ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಕಾಫಿ ತಂದ ರಮಾ ಬೆನ್ನ ಹಿಂದೆ ನಿಂತು ಪೂರ್ತಿ ಓದಿದಳು. ಈ ಸಂಗತಿ ಅವಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಫೋನಿನಲ್ಲಿ ಅವನು ಹೇಳಿದ್ದನ್ನೂ ಅವಳು ಕೇಳಿರಲಿಲ್ಲ.

“ನೀವು ಇಷ್ಟು ಒಳ್ಳೆಯವರು ಅಂತ ನಂಗೇ ಗೊತ್ತಿರ್ಲಿಲ್ಲ ಕಣ್ರೀ” ಎಂದಳು. ಅವಳ ಕಣ್ಣು ತುಂಬಿತ್ತು. “ಪಾಪ, ಈಗ್ಲಾದ್ರೂ ಅವರ ಮೇಲಿನ ಅಪವಾದ ಹೋಗ್ಲಿ. ಕಳಿಸಿ, ಕಳಿಸಿ.”

ಇದು ಹೋದರೆ ಅವನ ಕುರ್ಚಿಯೇ ಹೋಗುತ್ತದೆ ಎಂದು ಅವಳಿಗೆ ಹೇಳಬಹುದಿತ್ತು. “ಹೂಂ” ಎಂದೆ. ಅವಳ ಕೈ ನನ್ನ ಭುಜದ ಮೇಲಿರುವಾಗಲೇ ಕಳಿಸಿದೆ.