ಹದಿನಾಲ್ಕನೇ ಚೌಕ

ಮಗು ಕಕ್ಕಿದ್ದು ಹಳದಿಯೋ ಹಸಿರೋ ಎಂದು ಡಾಕ್ಟರಮ್ಮ ಕೇಳಿದ್ದೇ ತಡ, ನಮ್ಮವರು ಅಲ್ಲೇ ಜಗಳಕ್ಕೆ ನಿಂತರು.

"ಹಸಿರು," ಎಂದಳು ನನ್ನ ತಂಗಿ. ಹೆತ್ತು ನಾಲ್ಕೇ ದಿನ, ನಿಲ್ಲುವ ತ್ರಾಣವಿಲ್ಲ.

"ಹಸಿರಂತೆ! ಮೂರು ಹೆತ್ತೋಳು ನಾನು. ಹಳದಿ ಅದು, ಬರೀ ಪಿತ್ತ," ಎಂದರು ಅವಳ ಅತ್ತೆ.

"ಬಟ್ಟೆ ತೋರ್ಸಿ," ಎಂದರು ಡಾಕ್ಟರಮ್ಮ.

"ಒಗೆದುಬಿಟ್ಟೆ. ಗಲೀಜು ಇಟ್ಕೊಂಡು ಕೂರೋಕಾಗತ್ತಾ?"

ನನಗೆ ಪಿತ್ತ ನೆತ್ತಿಗೇರಿತು. ನಾನು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಬಣ್ಣದ ವಿಷಯದಲ್ಲಿ ಜನರ ಬಾಯಿಮಾತು ನಂಬುವುದನ್ನು ಬಿಟ್ಟು ಇಪ್ಪತ್ತು ವರ್ಷವಾಯಿತು. ಅತ್ತೆಯನ್ನು ಆಚೆ ಕಳಿಸಿ, ಚೀಲದಲ್ಲಿದ್ದ ಬಣ್ಣದ ಚೌಕಗಳ ಶೇಡ್ ಕಾರ್ಡು ತೆಗೆದು ತಂಗಿಯ ಮುಂದೆ ಹಿಡಿದೆ. ಹದಿನಾಲ್ಕನೇ ಚೌಕ ಮುಟ್ಟಿದಳು. ಅತ್ತೆಯನ್ನು ಒಳಗೆ ಕರೆದು ಅವರಿಗೂ ಹಿಡಿದೆ.

"ಇದೇ ನೋಡಪ್ಪ, ಹಳದಿ," ಎಂದು ಅವರೂ ಹದಿನಾಲ್ಕನ್ನೇ ಕುಟ್ಟಿದರು.

ಅಪ್ಪಟ ಪಾಚಿ ಹಸಿರು! "ಹಸಿರಾದ್ರೆ ಕರುಳು ಕಟ್ಟಿರಬಹುದು," ಎಂದು ಡಾಕ್ಟರಮ್ಮ ಎದ್ದೇಬಿಟ್ಟರು.

ಮಗುವಿನ ಮೂಗಿಗೆ ನಳಿಕೆ ಹಾಕಿ, ಅದರಲ್ಲಿ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದರು. ಔಷಧಿ ಹರಿದ ಬಿಳಿ ಗೆರೆ ಸ್ವಲ್ಪ ದೂರ ಹೋಗಿ ತಿರುಪಿನಂತೆ ಸುತ್ತಿಕೊಂಡಿತ್ತು.

"ತಾಯಿ ಹೊಟ್ಟೇಲಿದ್ದಾಗ ಎಲ್ಲರ ಕರುಳೂ ಹೊಕ್ಕುಳಬಳ್ಳಿ ಒಳಗೆ ಹೋಗಿ, ತಿರುಗ್ತಾ ವಾಪಸ್ ಹೊಟ್ಟೆಗೆ ಬರತ್ತೆ. ಈ ಪುಟ್ಟೀದು ಪೂರ್ತಿ ತಿರುಗಿಲ್ಲ. ಬುಡ ಭದ್ರವಾಗಿಲ್ಲದೆ ಈಗ ಹುರಿ ಬಿದ್ದಿದೆ. ರಕ್ತ ನಿಂತ್ರೆ ಕರುಳು ಸಾಯತ್ತೆ. ಈಗಲೇ ಆಪರೇಷನ್ ಆಗ್ಬೇಕು."

"ನನ್ನ ಕರುಳೂ ಹಾಗೆ ಆಚೆ ಹೋಗಿ ಬಂದಿದ್ಯಾ?" ಎಂದೆ.

"ಬಂದಿದೆ."

ನಾನು ನಲವತ್ತು ವರ್ಷ ಹೊತ್ತು ತಿರುಗಿದ ಹೊಟ್ಟೆ, ಒಂದು ಮಾತು ಹೇಳಿರಲಿಲ್ಲ.

"ಯಾವ ಕಡೆಗೆ ಬಿಚ್ತೀರಿ?"

"ಗಡಿಯಾರದ ಮುಳ್ಳಿಗೆ ಎದುರಾಗಿ. ಈಗ ದಾರಿ ಬಿಡ್ತೀರಾ?"

ಎರಡು ಗಂಟೆ ನಾನು, ಅತ್ತೆ ಒಂದೇ ಬೆಂಚಿನ ಎರಡು ತುದಿ ಹಿಡಿದು ಕೂತೆವು. ಡಾಕ್ಟರಮ್ಮ ಬಂದು, "ಎರಡು ಸುತ್ತು ಬಿದ್ದಿತ್ತು. ಬಿಚ್ಚಿದ ಮೇಲೆ ಕಪ್ಪು ಹೋಗಿ ಕೆಂಪಗಾಯ್ತು," ಎಂದರು.

"ಸರಿಯಾದ ಜಾಗಕ್ಕೆ ಇಟ್ರಾ?" ಎಂದೆ.

"ಇಲ್ಲ. ಸಣ್ಣ ಕರುಳು ಬಲಕ್ಕೆ, ದೊಡ್ಡದು ಎಡಕ್ಕೆ."

"ಇದೆಂಥಾ ಅರ್ಧಂಬರ್ಧ ಕೆಲಸ ರೀ!"

"ಹಾಗಿಟ್ರೆ ಮತ್ತೆ ಸುತ್ಕೊಳ್ಳೋದು ಅಪರೂಪ. ಅವಳ ಪಾಡಿಗೆ ಅವಳು ಉಂಡು ಬೆಳೀತಾಳೆ. ಇನ್ನು ಮೂಗಿನ ನಳಿಕೆಯಿಂದ ಚೀಲಕ್ಕೆ ಇಳಿಯೋ ಹಸಿರು ತಿಳಿಯಾಗ್ಬೇಕು. ಆಮೇಲೆ ಹಾಲು."

ಕಾರ್ಡನ್ನು ಅತ್ತೆ ವಶ ಮಾಡಿಕೊಂಡರು. ದಿನವೂ ನಳಿಕೆಯ ಚೀಲದ ಪಕ್ಕ ಹಿಡಿದು ವರದಿ ಒಪ್ಪಿಸುತ್ತಿದ್ದರು: ಹದಿನಾಲ್ಕು, ಹನ್ನೊಂದು, ಆರು, ಎರಡು. ಐದನೇ ದಿನ ನಾನು ವಾರ್ಡಿಗೆ ಕಾಲಿಡುವಷ್ಟರಲ್ಲಿ ಎದುರಿಗೇ ಬಂದರು.

"ಎಂಥಾ ಕಾರ್ಡೋ ನಿಂದು! ಹಿಂದೆ ಮುಂದೆ ಹುಡುಕಿದೆ, ಇವತ್ತಿನ ಬಣ್ಣವೇ ಇಲ್ವಲ್ಲೋ!"

ಹೋಗಿ ನೋಡಿದೆ. ಚೀಲದಲ್ಲಿದ್ದದ್ದು ಬರೀ ನೀರು.