ಆರದ ಹನಿ

ಶರಬತ್ತು ಕಾರ್ಖಾನೆಯಲ್ಲಿ ಪಾಕದ ಸಿಹಿ ಅಳೆಯುವುದು ಅವಳ ಕೆಲಸ. ಕೊಳವೆಯಂಥ ಸಣ್ಣ ಯಂತ್ರದ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ಇಣುಕಿದರೆ, ನೂರಕ್ಕೆ ಎಷ್ಟು ಸಕ್ಕರೆಯೆಂದು ನೀಲಿ ಬಿಳಿಯ ನಡುವಿನ ಗೆರೆ ಹೇಳುತ್ತದೆ. ಮೂರು ದಿನದಿಂದ ಗೆರೆ ಅರವತ್ತೈದರ ಬದಲು ಅರವತ್ತೊಂದಕ್ಕೇ ನಿಲ್ಲುತ್ತಿತ್ತು. ಅದನ್ನು ಬರೆದಿಟ್ಟವಳು ಅವಳೇ.

ಆ ಹಾಳೆ ಹಿಡಿದು ಮ್ಯಾನೇಜರ್, ಇಪ್ಪತ್ತೆರಡು ವರ್ಷದಿಂದ ಪಾಕ ಕಾಯಿಸುತ್ತಿದ್ದ, ಕಾರ್ಖಾನೆಯವರೆಲ್ಲ ಅಣ್ಣ ಎಂದೇ ಕರೆಯುವ ಕೆಲಸಗಾರನನ್ನು ಎಲ್ಲರೆದುರು ಕಳ್ಳ ಎಂದಿದ್ದ. "ಸಕ್ಕರೆಗೇನು ಕಾಲು ಬಂದು ಗೇಟು ದಾಟ್ತಾ? ಮಧ್ಯಾಹ್ನದೊಳಗೆ ಜಾಗ ಖಾಲಿ ಮಾಡು!"

ಅಣ್ಣ ಅವಳ ಮೇಜಿನ ಬಳಿ ಬಂದು ನಿಂತ. "ನೀನು ಸುಳ್ಳು ಬರೆದೆ ಅನ್ನಲ್ಲ ತಂಗಿ. ಆದ್ರೆ ನಾನು ಸಕ್ಕರೆ ಕದ್ದು ಏನ್ ಮಾಡ್ಲಿ? ಡಾಕ್ಟ್ರು ಟೀಗೂ ಬೇಡ ಅಂದಿದಾರೆ. ಹೊತ್ಕೊಂಡು ಹೋದ್ರೆ ನಮ್ಮೋಳು ಮೊದಲು ನನ್ನನ್ನೇ ಹೊರಗೆ ಹಾಕ್ತಾಳೆ."

ಅವಳಿಗೆ ನಗು ಬಂತು, ತಲೆ ಬಗ್ಗಿಸಿಕೊಂಡಳು. ಅಣ್ಣ ಸುಮ್ಮನಿರಲಾರದೆ ಪಾಕದ ಲೋಟ ಮುಟ್ಟಿದವನೇ ಕೈ ಕೊಡವಿದ. "ಅಯ್ಯಪ್ಪಾ! ಈಗೀಗ ಇದನ್ನ ಆರಿಸೋದೇ ಇಲ್ವಾ?"

ಅವಳಿಗೆ ಥಟ್ಟನೆ ಹೊಳೆಯಿತು. ಮೊದಲೆಲ್ಲ ಲೋಟವನ್ನು ತಣ್ಣೀರಲ್ಲಿ ಅರ್ಧ ಗಂಟೆ ಇಡುತ್ತಿದ್ದಳು. "ಲೋಟಕ್ಕೆ ಕಾವಲು ಕೂರೋಕೆ ಸಂಬಳನಾ?" ಎಂದು ಮ್ಯಾನೇಜರ್ ಅದನ್ನು ನಿಲ್ಲಿಸಿ ಮೂರೇ ದಿನವಾಗಿತ್ತು. ಬಿಸಿ ಪಾಕ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆಂದು ಕೆಲಸಕ್ಕೆ ಸೇರಿದ ದಿನವೇ ಕಲಿತವಳು, ಅವಸರದಲ್ಲಿ ಮರೆತಿದ್ದಳು. ಮೇಲಿನವರ ಅವಸರದ ಒಲೆಗೆ ಕೆಳಗಿನವರ ಮಾನವೇ ಸೌದೆ.

ಅದೇ ಪಾಕವನ್ನು ಆರಿಸಿ ನೋಡಿದಳು. ಅರವತ್ತೈದು.

ಬಾಯಿ ಬಿಟ್ಟರೆ ತನ್ನ ಅನ್ನಕ್ಕೇ ಕಲ್ಲು. ಬಿಡದಿದ್ದರೆ? ಆರಿದ ಲೋಟ, ಬಿಸಿ ಪಾಕದ ಇನ್ನೊಂದು ಲೋಟ, ಯಂತ್ರ ಎಲ್ಲವನ್ನೂ ಹಿಡಿದು ಬಾಟಲಿ ತುಂಬುವ ಹೆಂಗಸರ ನಡುವೆಯೇ ಹೋಗಿ ಮ್ಯಾನೇಜರನ ಮುಂದೆ ನಿಂತಳು. ಬಿಸಿಯದನ್ನೂ ತೋರಿಸಿದಳು, ಆರಿದ್ದನ್ನೂ ತೋರಿಸಿದಳು.

"ಹಾಗಾದ್ರೆ ತಪ್ಪು ನಿಂದು. ನೋಟೀಸ್ ಬರುತ್ತೆ," ಎಂದ ಅವನು.

"ಬರ್ಲಿ ಸಾರ್. ಆರಿಸ್ಬೇಡ ಅಂದಿದ್ದು ಯಾರು ಅಂತಾನೂ ಅದ್ರಲ್ಲೇ ಬರೀರಿ. ಈಗ ಕಳ್ಳ ಅಂದಿದ್ದು ವಾಪಸ್ ತಗೊಳ್ಳಿ. ಎಲ್ಲರೆದುರು ಅಂದ್ರಿ, ಎಲ್ಲರೆದುರೇ ತಗೊಳ್ಳಿ."

ಹೆಂಗಸರ ಕೈಗಳು ನಿಂತವು. ಬೆಲ್ಟಿನ ಮೇಲೆ ಬಾಟಲಿಗಳು ಖಾಲಿಯಾಗಿಯೇ ಸಾಗತೊಡಗಿದವು.

"ಅವನು ಕದ್ದಿಲ್ಲ," ಮ್ಯಾನೇಜರ್ ನೆಲಕ್ಕೆ ಹೇಳಿದ.

"ಕೇಳಿಸ್ಲಿಲ್ಲ!" ಹಿಂದಿನಿಂದ ಯಾರೋ ಕೂಗಿದರು.

"ಕದ್ದಿಲ್ಲ! ಒಲೆ ನೋಡ್ಕೊಳ್ಳಕ್ಕೆ ಹೇಳಿ ಅವನಿಗೆ!"

ಅಣ್ಣ ಅಷ್ಟರಲ್ಲೇ ಕಣ್ಣೊರೆಸಿಕೊಂಡು ಓಡುತ್ತಿದ್ದ. "ಬಿಡ್ರೋ ದಾರಿ, ಪಾಕ ತಳ ಹಿಡೀತದೆ!"